ಹವ್ಯಾಸದ ಕೋವಿ ಮತ್ತು ಶ್ರಾವಕನ ವ್ರತ

ಕೋವಿಯ ಲೈಸೆನ್ಸಿಗೆ ಅರ್ಜಿ ಹಾಕಿದವನಿಗೆ ಮೊದಲು ಎದುರಾಗುವ ಪ್ರಶ್ನೆ, ಯಾಕೆ ಬೇಕು ಎಂಬುದು. 1959ರ ಶಸ್ತ್ರಾಸ್ತ್ರ ಕಾಯ್ದೆ ಮುಖ್ಯವಾಗಿ ಮೂರು ಉತ್ತರಗಳನ್ನು ಒಪ್ಪುತ್ತದೆ: ಆತ್ಮರಕ್ಷಣೆ, ಕ್ರೀಡೆ, ಬೆಳೆ ರಕ್ಷಣೆ. ಅರಕಲಗೂಡು ತಾಲ್ಲೂಕಿನ ಕಾಡಂಚಿನ ರೈತ ಹೊಲಕ್ಕೆ ಹಂದಿ ನುಗ್ಗುತ್ತದೆ ಎಂದು ಮದ್ದು ತುಂಬುವ ಕೋವಿ ಕೇಳಿದರೆ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಹಳೆಯ ಯುದ್ಧಗಳ ಬಂದೂಕೆಂದರೆ ಪ್ರೀತಿ, ನಾಲ್ಕಾರು ಕೂಡಿಡಬೇಕು, ಬಿಡುವಾದಾಗ ಗುರಿಯಿಟ್ಟು ಹೊಡೆಯಬೇಕು ಎಂದು ಬರೆದುಕೊಟ್ಟರೆ ಮಾತ್ರ ಗುಮಾಸ್ತ ಕತ್ತೆತ್ತಿ ನೋಡಿಯಾನು.

ಅಮೆರಿಕ, ಕೆನಡಾಗಳಲ್ಲಿ ಇದು ದೊಡ್ಡ ಹವ್ಯಾಸ. ಎರಡು ಮಹಾಯುದ್ಧಗಳು ಮುಗಿದ ಮೇಲೆ ಸೇನೆಗಳಿಗೆ ಬೇಡವಾದ ಲಕ್ಷಾಂತರ ರೈಫಲುಗಳು ಅಗ್ಗದ ಬೆಲೆಗೆ ಮಾರುಕಟ್ಟೆಗೆ ಬಂದವು. ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ .303 ಅವುಗಳಲ್ಲಿ ಬಹು ಪ್ರಸಿದ್ಧ. ಬಂಗಾಳದ ಇಚ್ಛಾಪುರ ಕಾರ್ಖಾನೆಯಲ್ಲಿ ತಯಾರಾದ ಲೀ-ಎನ್‌ಫೀಲ್ಡುಗಳೂ ಆ ಸಂಗ್ರಾಹಕರ ಕೈ ಸೇರಿವೆ. ಅವುಗಳ ಲೋಹದ ಮೇಲೆ ಬ್ರಿಟಿಷ್ ಕಿರೀಟವಿದೆಯೋ, ಸ್ವಾತಂತ್ರ್ಯಾನಂತರದ ಅಶೋಕ ಸಿಂಹವಿದೆಯೋ ಎಂದು ನೋಡಿ ಅವರು ಕಾಲ ಗುರುತಿಸುತ್ತಾರೆ. ವಿಪರ್ಯಾಸವೆಂದರೆ, ಅದನ್ನು ತಯಾರಿಸಿದ ದೇಶದ ಸಾಮಾನ್ಯ ಪ್ರಜೆ ಅದನ್ನು ಇಟ್ಟುಕೊಳ್ಳುವಂತಿಲ್ಲ. ಭಾರತದಲ್ಲಿ .303 ನಿಷೇಧಿತ ಬೋರ್. ಹಾಗಾಗಿ ಅದೇ ಕಾರ್ಖಾನೆ ನಾಗರಿಕರಿಗೆಂದು ಅದೇ ವಿನ್ಯಾಸದ .315 ರೈಫಲನ್ನು ಬೇರೆಯಾಗಿ ತಯಾರಿಸಿತು. 2020ರ ಗಣರಾಜ್ಯೋತ್ಸವದ ದಿನ ಉತ್ತರ ಪ್ರದೇಶದ ಪೊಲೀಸರು .303ಕ್ಕೆ ವಿಧ್ಯುಕ್ತವಾಗಿ ವಿದಾಯ ಹೇಳಿದರು.

ಕಾಯ್ದೆಯ ಮಾತು ಅಷ್ಟು. ಧರ್ಮದ ಪ್ರಶ್ನೆ ಬೇರೆಯೇ ಇದೆ. ಯಾರ ಮೇಲೂ ಹಗೆಯಿಲ್ಲದೆ, ಯಾವ ಜೀವಕ್ಕೂ ಗುರಿಯಿಡದೆ, ಕೊಲ್ಲಲೆಂದೇ ಹುಟ್ಟಿದ ವಸ್ತುವನ್ನು ಬರೀ ಇಷ್ಟಕ್ಕಾಗಿ ಇಟ್ಟುಕೊಳ್ಳುವುದು ತಪ್ಪೇ?

ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಚನ್ನರಾಯಪಟ್ಟಣ ತಾಲ್ಲೂಕಿಗಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಅಲ್ಲಿನ ಶ್ರವಣಬೆಳಗೊಳದ ಗೊಮ್ಮಟನನ್ನು ಹತ್ತನೆಯ ಶತಮಾನದ ಕೊನೆಯಲ್ಲಿ ನಿಲ್ಲಿಸಿದವನು ಮುನಿಯಲ್ಲ, ಗಂಗರ ದಂಡನಾಯಕ ಚಾವುಂಡರಾಯ. ಸಮರ ಪರಶುರಾಮ, ವೀರಮಾರ್ತಂಡ ಎಂಬ ಬಿರುದುಗಳನ್ನು ಯುದ್ಧದಲ್ಲಿ ಗಳಿಸಿದವನು. ಗೃಹಸ್ಥರ ಮತ್ತು ಮುನಿಗಳ ಆಚಾರವನ್ನು ವಿವರಿಸುವ 'ಚಾರಿತ್ರಸಾರ' ಬರೆದವನೂ ಅವನೇ. ಕತ್ತಿ ಹಿಡಿದ ಕೈಯಲ್ಲೇ ಅಹಿಂಸೆಯ ಕೈಪಿಡಿ ಬರೆಯುವುದು ಅವನಿಗೆ ಹೇಗೆ ಸಾಧ್ಯವಾಯಿತು? ಜೈನಧರ್ಮ ಹಿಂಸೆಯನ್ನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಅಡುಗೆ, ಮನೆಗೆಲಸಗಳಲ್ಲಿ ಆಗುವ ಹಿಂಸೆ, ಬೇಸಾಯ ಮುಂತಾದ ಕಸುಬಿನಲ್ಲಿ ಆಗುವ ಹಿಂಸೆ, ಮೇಲೆ ಬಿದ್ದವನನ್ನು ಎದುರಿಸುವಾಗ ಆಗುವ ವಿರೋಧಿ ಹಿಂಸೆ, ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆ ಎಂದು ನಾಲ್ಕು ಬಗೆ. ಗೃಹಸ್ಥ ಪೂರ್ತಿಯಾಗಿ ಬಿಡಲೇಬೇಕಾದದ್ದು ಕೊನೆಯದನ್ನು. ದಂಡನಾಯಕನಿಗೂ ಹಂದಿ ಓಡಿಸುವ ರೈತನಿಗೂ ಇಲ್ಲಿ ಜಾಗವಿದೆ.

ಹವ್ಯಾಸಿಗೆ? ಅವನ ಕೇಸು ಸಿಕ್ಕಿಕೊಳ್ಳುವುದು ಇನ್ನೊಂದು ವ್ರತದಲ್ಲಿ. ಯಾವ ಅಗತ್ಯಕ್ಕೂ ಒದಗದ ಪಾಪಕ್ಕೆ ಅನರ್ಥದಂಡ ಎಂದು ಹೆಸರಿಟ್ಟು, ಅದನ್ನು ಬಿಡುವುದನ್ನು ಶ್ರಾವಕನ, ಅಂದರೆ ಜೈನ ಗೃಹಸ್ಥನ, ವ್ರತಗಳಲ್ಲಿ ಸೇರಿಸಿದ್ದಾರೆ. ಇಂದಿನ ಹವ್ಯಾಸಿ "ನನಗೆ ಇದರಿಂದ ಏನೂ ಆಗಬೇಕಿಲ್ಲ, ಬರೀ ಖುಷಿಗೆ" ಎಂದು ತನ್ನ ನಿರಪರಾಧಿತ್ವ ಸಾರುತ್ತಾನೆ. ಶ್ರಾವಕಾಚಾರದ ಕಣ್ಣಲ್ಲಿ ಅವನ ಹೊರೆ ಹೆಚ್ಚುವುದೇ ಆ ಮಾತಿನಿಂದ. ರೈತನ ಈಡಿಗೆ ಹಸಿವಿನ ಕಾರಣವಾದರೂ ಇದೆ.

ಹವ್ಯಾಸಿಯೂ ಸುಮ್ಮನಿರುವುದಿಲ್ಲ. ಕಾಗದದ ಗುರಿಗೆ ಹೊಡೆದರೆ ಯಾವ ಜೀವ ಹೋಯಿತು, ಮನಸ್ಸಿನಲ್ಲಿ ಕ್ರೋಧವಿಲ್ಲದಿದ್ದರೆ ಭಾವಹಿಂಸೆಯೂ ಇಲ್ಲವಲ್ಲ ಎನ್ನುತ್ತಾನೆ. ವಾದ ಬಲವಾಗಿಯೇ ಇದೆ. ಆದರೆ ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ' ಅನರ್ಥದಂಡದ ಐದು ಬಗೆಗಳಲ್ಲಿ ಹಿಂಸಾದಾನವನ್ನೂ ಎಣಿಸುತ್ತದೆ. ಕೊಡಲಿ, ಕತ್ತಿ, ವಿಷ, ಸಂಕೋಲೆಗಳಂಥ ಕೊಲ್ಲುವ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದೇ ಹಿಂಸಾದಾನ. ಸೇನೆಗೆ ಬೇಡವಾದ ಬಂದೂಕಿನ ವ್ಯಾಪಾರ ನಿಂತಿರುವುದೇ ಈ ಕೊಡು-ಕೊಳ್ಳುವಿಕೆಯ ಮೇಲೆ. 1963ರ ನವೆಂಬರ್ 22ರಂದು ಅಧ್ಯಕ್ಷ ಕೆನಡಿಯನ್ನು ಕೊಂದದ್ದು 1940ರಲ್ಲಿ ತಯಾರಾದ ಇಟಲಿ ಸೇನೆಯ ಕಾರ್ಕಾನೊ ರೈಫಲ್. ಅದನ್ನು ಇಪ್ಪತ್ತು ಡಾಲರಿನ ಆಸುಪಾಸಿನ ಬೆಲೆಗೆ ಅಂಚೆಯಲ್ಲಿ ತರಿಸಿಕೊಳ್ಳಲಾಗಿತ್ತು. ಮಾರಿದವರಿಗೂ ಅದನ್ನು ಹಡಗಿಗೆ ಹೇರಿದವರಿಗೂ ಯಾರ ಮೇಲೂ ದ್ವೇಷವಿರಲಿಲ್ಲ. ಅಮೆರಿಕದ ಸಂಸತ್ತು ಬಂದೂಕಿನ ಅಂಚೆ ಮಾರಾಟವನ್ನು ಕಾಯ್ದೆಯಿಂದ ಬಿಗಿಗೊಳಿಸಿದ್ದು 1968ರಲ್ಲಿ.

ಶಸ್ತ್ರವನ್ನು ಪೂಜಿಸುವ ಪರಂಪರೆಗಳ ನೋಟ ಬೇರೆ. ಆಯುಧಪೂಜೆಯ ದಿನ ಪೊಲೀಸರ ಬಂದೂಕಿಗೂ ಕುಂಕುಮ ಬೀಳುತ್ತದೆ. ಅರಕಲಗೂಡಿನ ಗಡಿಯಾಚೆ, ಕೊಡಗಿನಲ್ಲಿ, ನಾಟಿ ಕೆಲಸ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುತ್ತಾರೆ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ತೆಂಗಿನಕಾಯಿ ಒಡೆಯುವುದರಿಂದಲೂ ಬೆಳೆ ಉಳಿಯುವುದಿಲ್ಲ ನಿಜ. ಆದರೆ ಅಲ್ಲಿ ಈಡಿಗೆ ಒಂದು ದಿನ, ಒಂದು ಮನೆತನ, ಹಿರಿಯರ ಕಣ್ಣು ಇದೆ. ಒಬ್ಬಂಟಿ ಸಂಗ್ರಾಹಕನಿಗೆ ಆ ಕಟ್ಟುಪಾಡಿಲ್ಲ. ಇನ್ನು ಹೊಳೆನರಸೀಪುರದ ನರಸಿಂಹ ಸ್ವಾಮಿಯ ಕಥೆಯನ್ನು ನೆನೆದರೆ ಆಯುಧವೊಂದನ್ನೇ ದೂರುವುದೂ ಕಷ್ಟ. ಯಾವ ಶಸ್ತ್ರದಿಂದಲೂ ಸಾವಿಲ್ಲ ಎಂಬ ವರ ಪಡೆದವನನ್ನು ಅವನು ಉಗುರಿನಿಂದ ಬಗೆದ.

ಉಳಿಯುವುದು ಕೂಡಿಡುವ ಆಸೆ. ಜೈನರ ತತ್ತ್ವಾರ್ಥಸೂತ್ರದ ಪ್ರಕಾರ ಪರಿಗ್ರಹವೆಂದರೆ ವಸ್ತುವಿನ ಮೇಲಿನ ಮೋಹ. ಹತ್ತು ಇದ್ದೂ ಅಂಟದವನಿರಬಹುದು, ಒಂದಕ್ಕೇ ಅಂಟಿಕೊಂಡವನೂ ಇರಬಹುದು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಇದನ್ನು ಲೆಕ್ಕದಲ್ಲಿ ಬಗೆಹರಿಸಿತು. ಒಬ್ಬರಿಗೆ ಮೂರರ ಬದಲು ಎರಡೇ ಕೋವಿ, ಪಿತ್ರಾರ್ಜಿತವಾಗಿ ಬಂದವಕ್ಕೂ ಅದೇ ಮಿತಿ. ಹಾಸನದ ಮೊಮ್ಮಗನ ಪಾಲಿಗೆ ಅಜ್ಜನ ಮೂರು ಕೋವಿ ಬಂದರೆ ಒಂದನ್ನು ಒಪ್ಪಿಸಲೇಬೇಕು.

ಕಾಯ್ದೆಯ 45ನೆಯ ಸೆಕ್ಷನ್ ಇನ್ನೊಂದು ಬಾಗಿಲು ತೆರೆದಿಟ್ಟಿದೆ. ಹಳೆಯ ಮಾದರಿಯ, ಪುರಾತನ ಮೌಲ್ಯದ, ರಿಪೇರಿ ಮಾಡಿದರೂ ಸಿಡಿಯದ ಆಯುಧಕ್ಕೆ ಈ ಕಾಯ್ದೆಯ ಕಟ್ಟಿಲ್ಲ. ಅಚ್ಚೊತ್ತಿದ ಕಿರೀಟ, ಸೈನಿಕರ ಕೈ ಸವೆಸಿದ ಮರ, ಬಂದೂಕು ಕಂಡ ಕದನ ಇವನ್ನು ಪ್ರೀತಿಸುವವನಿಗೆ ಅಷ್ಟು ಸಾಕಾಗಬೇಕು. ಸಾಲದು, ಸಿಡಿಯಲೇಬೇಕು ಎನ್ನುವವನು ತನಗೆ ಪ್ರಿಯವಾದದ್ದು ಚರಿತ್ರೆಯೋ ಸಿಡಿಯುವ ಶಕ್ತಿಯೋ ಎಂದು ಹೇಳಬೇಕಾಗುತ್ತದೆ. ಭುಜಕ್ಕೆ ಒದೆ ಬೀಳದೆ ಸಿಪಾಯಿಯ ಪಾಡು ಅರ್ಥವಾಗುವುದಿಲ್ಲ ಎಂದು ಅವನು ಉತ್ತರಿಸಿದರೆ, ಅದೂ ಒಂದು ಬಗೆಯ ತಿಳಿವಳಿಕೆಯೆಂದು ಒಪ್ಪಬಹುದು. ಆಗ ಎಷ್ಟು ಬಂದೂಕು, ಯಾವ ರೇಂಜು, ಎಷ್ಟು ಗುಂಡು ಎಂಬ ಮಿತಿಯನ್ನು ಲೈಸೆನ್ಸ್ ಕೊಡುವ ಅಧಿಕಾರಿ ಹಾಕುವ ಮೊದಲು ಅವನೇ ಹಾಕಿಕೊಳ್ಳಬೇಕಾಗುತ್ತದೆ, ಪರಿಗ್ರಹ ಪರಿಮಾಣದ ವ್ರತ ಹಿಡಿದ ಶ್ರಾವಕ ತನ್ನ ಹೊಲ, ಹಣ, ಒಡವೆಗಳಿಗೆ ಹಾಕಿಕೊಳ್ಳುವ ಹಾಗೆ.