ಅಪ್ಪ ಹಾಕಿದ ಸಹಿ

ಜನಾಝಾ ನಮಾಝಿಗೆ ಸಾಲುಗಳು ನಿಂತಾಗ, ಮೃತರ ಮಗನೋ ತಮ್ಮನೋ ಮುಂದೆ ಬಂದು ಹೇಳುವ ಒಂದು ಮಾತಿದೆ: ಮರ್ಹೂಮರಿಂದ ಯಾರಿಗಾದರೂ ಬರಬೇಕಾದುದಿದ್ದರೆ ನಮ್ಮನ್ನು ಕಾಣಿರಿ, ಇಲ್ಲವೇ ಮಾಫ್ ಮಾಡಿಬಿಡಿ. ಕುರ್‌ಆನ್ ಹೇಳುವ ಕ್ರಮವೂ ಅದೇ. ವಸಿಯ್ಯತ್ ಮತ್ತು ಸಾಲ ತೀರಿದ ಮೇಲೆಯೇ ವಾರಸುದಾರರ ಪಾಲು.

ಸಾಲದ ವಿಷಯ ಸರಿ. ಸತ್ತವನು ಕೊಟ್ಟುಹೋದ ಮಾತಿನ ಗತಿಯೇನು? ಇಬ್ಬರು ಸೇರಿ ಮರದ ಡಿಪೋ ನಡೆಸುತ್ತಿದ್ದರು ಎನ್ನಿ. ಪಾಲುಪತ್ರದ ಕೊನೆಯಲ್ಲಿ, ಯಾರೂ ಓದದೆ ಸಹಿ ಹಾಕುವ ಜಾಗದಲ್ಲಿ, ಒಂದು ಷರತ್ತು: ತಕರಾರು ಬಂದರೆ ಕೋರ್ಟಿಗೆ ಹೋಗದೆ ಮಧ್ಯಸ್ಥರ ಮುಂದಿಡುತ್ತೇವೆ. ಅವರಲ್ಲೊಬ್ಬ ತೀರಿಕೊಂಡ. ಹೆಂಡತಿ ಇದ್ದತ್‌ನಲ್ಲಿದ್ದಾಳೆ. ಹೆಣ್ಣುಮಕ್ಕಳು ಡಿಪೋದ ಗೇಟು ದಾಟಿದವರಲ್ಲ. ಸಹಿ ಹಾಕದ ಇವರನ್ನು ಆ ಷರತ್ತು ಕಟ್ಟಿಹಾಕಬಹುದೇ?

ಕಟ್ಟಿಹಾಕುತ್ತದೆ ಎನ್ನುತ್ತದೆ ನಮ್ಮ ಕಾನೂನು. 1996ರ ಮಧ್ಯಸ್ಥಿಕೆ ಕಾಯ್ದೆಯ 40ನೇ ಕಲಮಿನ ಪ್ರಕಾರ ಸಾವಿನಿಂದ ಈ ಒಪ್ಪಂದ ರದ್ದಾಗದು. ಮೃತನ ಕಾನೂನುಬದ್ಧ ಪ್ರತಿನಿಧಿಗಳ ಮೇಲೆ ಅದನ್ನು ಚಲಾಯಿಸಬಹುದು, ಅವರೂ ಚಲಾಯಿಸಬಹುದು. ಸುಪ್ರೀಂ ಕೋರ್ಟ್ 2007ರಲ್ಲಿ ಇದನ್ನೇ ಹೇಳಿತು, 2025ರಲ್ಲಿ ಮತ್ತೆ ಹೇಳಿತು.

ನಮ್ಮ ಫಿಕ್‌ಹ್ ಓದಿದವರಿಗೆ ಇಲ್ಲೊಂದು ಅಡ್ಡಿ ಕಾಣಬಹುದು. ಹನಫೀ ವಿದ್ವಾಂಸರ ಪ್ರಕಾರ ಮಧ್ಯಸ್ಥನಿಗೆ ಅಧಿಕಾರ ಬರುವುದು ಇಬ್ಬರ ಒಪ್ಪಿಗೆಯಿಂದ. ತೀರ್ಪು ಹೊರಬೀಳುವ ಮುಂಚೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ಒಪ್ಪಿದವನೇ ಹಿಂದೆ ಸರಿಯಬಹುದಾದರೆ ಒಪ್ಪದವಳನ್ನು ಎಳೆತರುವುದು ಹೇಗೆ?

ಇದು ತೂಕವುಳ್ಳ ಪ್ರಶ್ನೆ. ಆದರೂ ನಾನು ಕಾನೂನಿನ ಕಡೆಗೇ ನಿಲ್ಲುತ್ತೇನೆ. ಬೇರೆ ಕರಾರು ಇಲ್ಲದಿದ್ದರೆ ಪಾಲುದಾರನ ಸಾವಿನೊಂದಿಗೆ ಪಾಲುದಾರಿಕೆ ಮುಗಿಯುತ್ತದೆ. 1932ರ ಪಾಲುದಾರಿಕೆ ಕಾಯ್ದೆಯೂ ಹೀಗೇ ಹೇಳುತ್ತದೆ. ಪಾಲುದಾರಿಕೆ ಮುಗಿಯುವ ಗಳಿಗೆಯೇ ಲೆಕ್ಕ ಶುರುವಾಗುವ ಗಳಿಗೆ. ಅಪ್ಪನ ಪಾಲು ಕೊಡಿ ಎಂದು ಕೇಳುವವರು ಆ ಪತ್ರದ ಬಲದಿಂದಲೇ ಕೇಳುತ್ತಾರೆ. ಅದೇ ಪತ್ರದ ಒಂದು ಸಾಲನ್ನು ಮಾತ್ರ ಹರಿದು ಹಾಕುವುದು ನ್ಯಾಯವಲ್ಲ.

ಇನ್ನೊಂದು ಮಗ್ಗುಲನ್ನು ನಾವು ಮರೆಯುತ್ತೇವೆ. ಷರತ್ತು ಸತ್ತರೆ ಬದುಕುಳಿದ ಪಾಲುದಾರನೂ ಬಿಡುಗಡೆಯಾದ. "ಭಾಬಿ, ನನಗೂ ಭಾಯಿಗೂ ಇದ್ದ ಮಾತು ಅದು, ನಿಮ್ಮೊಡನೆ ನನಗ್ಯಾವ ಕರಾರು?" ಎಂದು ಅವನು ಅನ್ನಬಹುದು. ಖಾತೆ ಪುಸ್ತಕ ಅವನ ಕೈಯಲ್ಲಿ, ದಾಸ್ತಾನು ಅವನ ಕಣ್ಣಳತೆಯಲ್ಲಿ. ಸಿವಿಲ್ ದಾವೆ ವರ್ಷಗಟ್ಟಲೆ ಎಳೆದರೆ ಯಾರಿಗೆ ಲಾಭವೆಂದು ಬೇರೆ ಹೇಳಬೇಕಿಲ್ಲ.

ಈ ಹೊಣೆಗೆ ಎಲ್ಲೆಗಳಿವೆ. ವಾರಸುದಾರರು ಕೊಡಬೇಕಾದುದು ಕೈಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ; ಮಗಳ ಬಳೆಗೆ, ವಿಧವೆಯ ಮಹರಿಗೆ ಕೈಹಾಕುವಂತಿಲ್ಲ. ಅಣ್ಣತಂಗಿಯರು ತಮ್ಮತಮ್ಮಲ್ಲೇ ಪಾಲಿಗಾಗಿ ಜಗಳವಾಡಿದರೆ ಅದು ಈ ಮಧ್ಯಸ್ಥನ ಮುಂದೆ ಬರುವುದೂ ಇಲ್ಲ.

ಮಧ್ಯಸ್ಥ ಯಾರು ಎಂಬುದೇ ಕಷ್ಟದ ಜಾಗ. ಹಳೆಯ ಪತ್ರಗಳಲ್ಲಿ ಪಾಲುದಾರನ ಭಾವಮೈದುನನ ಹೆಸರೋ ಅಂಗಡಿಯ ಲೆಕ್ಕಿಗನ ಹೆಸರೋ ಇರುತ್ತದೆ. 2015ರ ತಿದ್ದುಪಡಿ ಒಬ್ಬ ಪಕ್ಷಗಾರನ ಹತ್ತಿರದ ಬಂಧುವನ್ನೂ ನೌಕರನನ್ನೂ ಅನರ್ಹಗೊಳಿಸಿತು. ವಿವಾದ ಎದ್ದ ಮೇಲೆ ಇಬ್ಬರೂ ಲಿಖಿತವಾಗಿ ಒಪ್ಪಿದರೆ ಮಾತ್ರ ವಿನಾಯಿತಿ. ಮಾತಂ ಮನೆಗೆ ಕಾಗದ ತಂದು "ಇಲ್ಲೊಂದು ಸಹಿ" ಎಂದಾಗ ಹೆಣ್ಣುಮಕ್ಕಳು ಎಚ್ಚರವಾಗಿರಬೇಕಾದುದು ಇದಕ್ಕೇ.

ಖರ್ಚಿನ ಮಾತೂ ಇದೆ. ನ್ಯಾಯಾಧೀಶರ ಸಂಬಳ ಸರಕಾರ ಕೊಡುತ್ತದೆ, ಮಧ್ಯಸ್ಥರಿಗೆ ನಾವೇ ಕೊಡಬೇಕು. ಕಾಯ್ದೆಯ ಮಾದರಿ ಪಟ್ಟಿಯಲ್ಲಿ 5 ಲಕ್ಷದವರೆಗಿನ ವಿವಾದಕ್ಕೇ 45,000 ರೂಪಾಯಿ ಶುಲ್ಕವಿದೆ. ದುಡಿಯುವ ಕೈ ಇಲ್ಲವಾದ ಮನೆಗೆ ಇದು ಸಣ್ಣ ಮೊತ್ತವಲ್ಲ. ನಮ್ಮ ಜಮಾಅತ್‌ಗಳು ಮದುವೆ, ತಲಾಖಿನ ಪಂಚಾಯಿತಿಗೆ ಕೂರುವಷ್ಟು ಉತ್ಸಾಹದಿಂದ ಈ ಶುಲ್ಕಕ್ಕೊಂದು ನಿಧಿ ಕೂಡಿಸಿದ್ದನ್ನು ನಾನು ಕಂಡಿಲ್ಲ.

ಇನ್ನು ಆ ಪಾಲುಪತ್ರ. ಮೂಲಪ್ರತಿ ಡಿಪೋದ ತಿಜೋರಿಯಲ್ಲಿರುತ್ತದೆ, ಬೀಗದ ಕೈ ಬದುಕುಳಿದವನ ಬಳಿ. ಮನೆಯ ಕಪಾಟಿನಲ್ಲಿ ಒಂದು ಝೆರಾಕ್ಸ್ ಪ್ರತಿ ಸಿಕ್ಕರೆ ಅದನ್ನು ಬಿಸಾಡಬೇಡಿ. ಮೂಲವನ್ನು ಹಾಜರುಪಡಿಸುವಂತೆ ಎದುರು ಪಕ್ಷಕ್ಕೆ ಹೇಳಿರೆಂದು ಅದನ್ನಿಟ್ಟು ನ್ಯಾಯಾಲಯವನ್ನು ಕೇಳಿಕೊಳ್ಳಬಹುದು.