ಬಲವೂ ಹಿಡಿತವೂ

ತನ್ನ ಇಚ್ಛೆಗೆ ಒಪ್ಪದ ವಸ್ತುವಿನೆದುರು ನಿಂತಾಗ ಮನುಷ್ಯನಿಗೆ ಮೊದಲು ನೆನಪಾಗುವುದು ತನ್ನ ಬಲ. ಬಾಗಿಲು ತೆರೆಯದಿದ್ದರೆ ಒದೆಯುತ್ತೇವೆ; ಗಂಟು ಬಿಚ್ಚದಿದ್ದರೆ ಹರಿಯುತ್ತೇವೆ. ಬಲಪ್ರಯೋಗವು ಯಾವಾಗ ನ್ಯಾಯ, ಯಾವಾಗ ಅನ್ಯಾಯ ಎಂಬ ಪ್ರಶ್ನೆಯನ್ನು ಹಿರಿಯರು ಬಹುಕಾಲದಿಂದ ವಿಚಾರಿಸಿದ್ದಾರೆ. ಅದನ್ನು ವಿಚಾರಿಸಲು ಮೋಟಾರು ದುರಸ್ತಿಯ ಶೆಡ್ಡೂ ತಕ್ಕ ಸ್ಥಳವೆಂದು ನಾವು ತಿಳಿಯುತ್ತೇವೆ.

ತಾಳವಾಡಿಯ ಬೆಟ್ಟದ ಸೀಮೆಯವರಾದ ನಮಗೆ ಮೋಟಾರು ಹೊಸತಲ್ಲ. ಇಲ್ಲಿಯ ಎಲೆಕೋಸು, ಆಲೂಗಡ್ಡೆಗಳು ಸತ್ಯಮಂಗಲದ ಕಡೆಗೆ ಇಳಿಯಬೇಕಾದರೆ ಹಾಸನೂರನ್ನು ದಾಟಿ, ದಿಂಬಂ ಘಾಟಿಯ 27 ತಿರುವುಗಳನ್ನು ಹಾಯಬೇಕು. ಏರುವಾಗ ಎಂಜಿನು ಕಾಯುತ್ತದೆ, ನಿಂತಾಗ ತಣಿಯುತ್ತದೆ. ಮಳೆಗಾಲದ ತೇವವು ಸಂದುಗೊಂದಿಗಳನ್ನು ಸೇರುತ್ತದೆ. ಕೆಲವು ವರ್ಷಗಳ ತರುವಾಯ ದುರಸ್ತಿಗಾಗಿ ಬಿಚ್ಚಹೊರಟರೆ, ಹೊಗೆಕೊಳವೆಯ ಬುಡದ ಬೋಲ್ಟು ಅಲುಗುವುದಿಲ್ಲ.

ಇದು ಬೋಲ್ಟಿನ ಹಟವಲ್ಲ. ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ತಿರುಪಿನ ಸುತ್ತುಗಳ ನಡುವಣ ಕೂದಲೆಳೆಯಷ್ಟು ಸಂದು ತುಂಬಿ ಬಿಗಿಯುತ್ತದೆ. ಅಲ್ಯೂಮಿನಿಯಂ ಒಡಲಿನಲ್ಲಿ ಉಕ್ಕಿನ ಬೋಲ್ಟಿದ್ದರೆ, ತೇವದ ನಿಮಿತ್ತ ಎರಡು ಲೋಹಗಳ ನಡುವೆ ವಿದ್ಯುದ್ರಾಸಾಯನಿಕ ಕ್ರಿಯೆ ನಡೆದು, ಅಲ್ಯೂಮಿನಿಯಂ ಸವೆದು, ಅದರ ಬಿಳಿಯ ಪುಡಿ ಬೋಲ್ಟನ್ನು ಹಿಡಿಯುತ್ತದೆ.

ಅವಸರಗಾರನು ಸ್ಪ್ಯಾನರಿನ ಹಿಡಿಗೆ ಉದ್ದನೆಯ ಪೈಪು ತೊಡಿಸಿ ಜಗ್ಗುತ್ತಾನೆ. ಹಿಡಿ ಎರಡರಷ್ಟು ಉದ್ದವಾದರೆ ತಿರುಚುವ ಬಲವೂ ಎರಡರಷ್ಟಾಗುತ್ತದೆ; ಬೋಲ್ಟಿನ ಕತ್ತು ಮಾತ್ರ ಇದ್ದಷ್ಟೇ ಗಟ್ಟಿ. ತಲೆಯ ಆರು ಮೂಲೆಗಳು ಸವೆದು ದುಂಡಾಗುತ್ತವೆ, ಇಲ್ಲವೆ ತಲೆಯೇ ಮುರಿದು ಕೈಗೆ ಬರುತ್ತದೆ. ಬಿಚ್ಚಲು ಇದ್ದ ಒಂದೇ ಹಿಡಿತವನ್ನು ಬಿಚ್ಚುವವನ ಬಲವೇ ನಾಶಮಾಡಿತು. ಬಲವು ತಾನೇ ಕೆಟ್ಟದ್ದಲ್ಲ. ಹಿಡಿತವನ್ನು ಮೀರಿದ ಬಲವು ಕೆಟ್ಟದ್ದು.

ಬಲ್ಲವನ ಕ್ರಮ ಬೇರೆ. ತಂತಿಯ ಬ್ರಷ್ಷಿನಿಂದ ತುಕ್ಕನ್ನು ಉಜ್ಜುತ್ತಾನೆ. ಸಂದಿನೊಳಗೆ ಇಳಿಯುವ ತೆಳು ಎಣ್ಣೆಯನ್ನು ಬಿಡುತ್ತಾನೆ. ಬೇಕಾದರೆ ಒಂದು ರಾತ್ರಿ ಕಾಯುತ್ತಾನೆ. ಸುತ್ತಿಗೆಯಿಂದ ಹದವಾಗಿ ತಟ್ಟಿ ತುಕ್ಕಿನ ಬಂಧವನ್ನು ಸಡಿಲಿಸುತ್ತಾನೆ. ಆರು ಮೂಲೆಗಳಿಗೂ ಸರಿಯಾಗಿ ಕೂರುವ ಸಾಕೆಟ್ಟನ್ನು ತೊಡಿಸಿ, ಮೊದಲು ತುಸು ಬಿಗಿಮಾಡಿ, ಬಳಿಕ ತುಸು ಸಡಿಲಿಸಿ, ಮತ್ತೆ ಎಣ್ಣೆ ಬಿಡುತ್ತಾನೆ. ಅದಕ್ಕೂ ಬಗ್ಗದಿದ್ದರೆ, ಪೆಟ್ರೋಲು, ಎಣ್ಣೆಗಳನ್ನು ದೂರ ಸರಿಸಿ, ಒರೆಸಿ, ಬೋಲ್ಟಿನ ಸುತ್ತಣ ಒಡಲನ್ನು ಕಾಯಿಸುತ್ತಾನೆ. ಒಂದೇ ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುವುದರಿಂದ ಬಿಗಿತವು ಕಳೆಯುತ್ತದೆ. ತಾಳ್ಮೆಯೆಂದರೆ ಕೈಕಟ್ಟಿ ಕೂರುವುದೆಂದು ತಿಳಿದವರು ಈ ಕೆಲಸವನ್ನು ಒಮ್ಮೆ ನೋಡಬೇಕು.

ಇಷ್ಟಾದರೂ ಬಿಡದ ಬೋಲ್ಟುಗಳುಂಟು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿಯೇಕೆ ಎಂಬ ಗಾದೆ ನಿಜ. ಉಗುರಿಗೆ ಜಗ್ಗದ್ದಕ್ಕೆ ಕೊಡಲಿ ಬೇಕೆಂಬುದೂ ಅದರಲ್ಲಿಯೇ ಅಡಗಿದೆ. ಆಗ ಬೋಲ್ಟಿನ ನಟ್ಟನಡುವೆ ಗುರುತು ಮಾಡಿ, ಕೊರೆದು ತೆಗೆದು, ರಂಧ್ರಕ್ಕೆ ಹೊಸ ತಿರುಪು ಹಾಕುತ್ತಾರೆ. ಬೋಲ್ಟಿನ ಬೆಲೆ ಅಲ್ಪ, ಎಂಜಿನಿನ ಒಡಲಿನ ಬೆಲೆ ಬಹಳ; ಅಲ್ಪವನ್ನು ಕಳೆದು ಮಹತ್ತನ್ನು ಉಳಿಸುವುದು ಅಲ್ಲಿ ನ್ಯಾಯವೇ ಸರಿ.

ಉಪಾಧ್ಯಾಯರಾದ ನಾವು ಇದನ್ನು ನಮ್ಮ ವೃತ್ತಿಗೆ ಹೋಲಿಸಿ ನೋಡುವುದು ಸಹಜ. ಓದು ಮುಂದೆ ಸಾಗದ ಮಗುವನ್ನು ಹಟಮಾರಿಯೆಂದೋ ದಡ್ಡನೆಂದೋ ಕರೆಯುವುದು ಸುಲಭ. ಮನೆಯಲ್ಲಿ ಸೋಲಿಗರ ನುಡಿಯನ್ನಾಡಿ ಬಂದ ಮಗುವಿಗೆ ಪುಸ್ತಕದ ಕನ್ನಡವೇ ಅಪರಿಚಿತವಾಗಿರಬಹುದು, ಇನ್ನೊಂದಕ್ಕೆ ಕಪ್ಪುಹಲಗೆಯ ಅಕ್ಷರ ಕಾಣದಿರಬಹುದು, ಮತ್ತೊಂದು ಹಸಿದಿರಬಹುದು. ತುಕ್ಕು ಎಲ್ಲಿದೆಯೆಂದು ನೋಡದೆ ಜಗ್ಗುವವನಿಗೂ, ಕಾರಣವರಿಯದೆ ಗದರಿಸುವವನಿಗೂ ಭೇದವೇನು? 2009ರ ಶಿಕ್ಷಣದ ಹಕ್ಕಿನ ಕಾಯಿದೆಯ 17ನೆಯ ಪ್ರಕರಣವು ದೈಹಿಕ ಶಿಕ್ಷೆಯೊಡನೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ತಪ್ಪು ಉತ್ತರ ಹೇಳಿದರೂ ಗುರುಗಳು ಹೀಯಾಳಿಸರೆಂಬ ನಂಬಿಕೆಯೇ ಮಗುವಿನಲ್ಲಿ ನಮಗಿರುವ ಹಿಡಿತ. ಅದು ಸವೆದರೆ ಯಾವ ವಿದ್ಯೆಯೂ ನಾಟದು.

ಆದರೆ ಹೋಲಿಕೆಯು ಇಲ್ಲಿಗೆ ನಿಲ್ಲಬೇಕು. ಬೋಲ್ಟನ್ನು ಕೊರೆದು ತೆಗೆದು ಬೇರೊಂದನ್ನು ಹಾಕಬಹುದು. ಮಗುವಿನ ಸ್ಥಾನಕ್ಕೆ ಬೇರೊಂದು ಮಗುವಿಲ್ಲ. ಒಬ್ಬನಿಗಾಗಿ ಮೂವತ್ತು ಮಕ್ಕಳ ಪಾಠ ನಿಲ್ಲಬೇಕೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಪಾಠ ನಿಲ್ಲಬೇಕಿಲ್ಲ, ಬಲ್ಲ ಮಕ್ಕಳಿಂದ ಜೊತೆಯವನಿಗೆ ಹೇಳಿಸಬಹುದು, ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕೂರಬಹುದು. ಆ ಶ್ರಮದ ವೆಚ್ಚವನ್ನು ನಾವು ಭರಿಸಬೇಕು. ಮಗುವಿನ ಲೆಕ್ಕಕ್ಕೆ ಬರೆಯಕೂಡದು. ಹಲವರ ಹಿತಕ್ಕಾಗಿ ಒಬ್ಬನನ್ನು ಕೈಬಿಡುವ ಲೆಕ್ಕವು ಲೋಹಕ್ಕೆ ಸಲ್ಲುತ್ತದೆ, ಮನುಷ್ಯನಿಗೆ ಸಲ್ಲುವುದಿಲ್ಲ.

ವಿದ್ಯಾರ್ಥಿಮಿತ್ರರಿಗೂ ಒಂದು ಮಾತು. ಒಳ್ಳೆಯ ಮೆಕ್ಯಾನಿಕ್ಕು ಬೋಲ್ಟನ್ನು ಮರಳಿ ಕೂರಿಸುವಾಗ ತಿರುಪನ್ನು ಶುಚಿಮಾಡಿ, ಬೇಕಾದೆಡೆಯಲ್ಲಿ ತುಕ್ಕು ಹಿಡಿಯದಂತೆ ತಡೆಯುವ ಗ್ರೀಸನ್ನು ಸವರಿ, ಹೇಳಿದಷ್ಟೇ ಬಿಗಿಯುತ್ತಾನೆ. ಹತ್ತು ವರ್ಷಗಳ ಮೇಲೆ ಅದನ್ನು ಬಿಚ್ಚುವವನು ಯಾರೋ ಅವನಿಗೆ ತಿಳಿಯದು. ಕಾಣದ ಆ ಕೈಯ ಕಷ್ಟವನ್ನು ಈಗಲೇ ನೆನೆದು ಮಾಡುವ ಕೆಲಸವೇ ಒಳ್ಳೆಯ ಕೆಲಸ.