ಕೋವಿಯ ಹೆಮ್ಮೆ

2024ರ ಲೋಕಸಭಾ ಚುನಾವಣೆ ಗೊತ್ತಾದೊಡನೆ, ಲೈಸೆನ್ಸುದಾರರು ತಮ್ಮ ತಮ್ಮ ಕೋವಿಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕೆಂದು ಎಂದಿನಂತೆ ಹುಕುಂ ಬಂತು. ನಮ್ಮ ತಂದೆಯವರಿಗೆ ಆಗ ಎಪ್ಪತ್ತೆಂಟು. ಕೋವಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ, ತೊಡೆಯ ಮೇಲೆ ಅಡ್ಡಲಾಗಿಟ್ಟುಕೊಂಡು ಆಟೋದಲ್ಲಿ ಕುಳಿತರು. ಜೊತೆಗೆ ನಾನು. ಠಾಣೆಯ ಜಗಲಿಯಲ್ಲಿ ಆಗಲೇ ಹತ್ತು ಹನ್ನೆರಡು ಮಂದಿ ಕಾಯುತ್ತಿದ್ದರು. ಅವರಲ್ಲಿ ತರೀಕೆರೆಯ ಮೇಲಿನ ಬೆಟ್ಟಗಳಲ್ಲಿ ಕಾಫಿ ತೋಟವುಳ್ಳ ಯಜಮಾನರೊಬ್ಬರಿದ್ದರು. ಅವರದು ಇಂಗ್ಲೆಂಡಿನಲ್ಲಿ ತಯಾರಾದ ಜೋಡುನಳಿಗೆ ಕೋವಿ. ಬೆಳ್ಳಿಯಂಥ ಕೆತ್ತನೆ, ಒಳಗೆ ಮಖಮಲ್ಲು ಹಾಸಿದ ಚರ್ಮದ ಪೆಟ್ಟಿಗೆ. ನಮ್ಮದು ಮೂತಿಯಿಂದ ಮದ್ದು ತುಂಬಿ, ಗಜದಿಂದ ಜಡಿದು, ಕೇಪು ಇಟ್ಟು ಹೊಡೆಯುವ ಒಂಟಿನಳಿಗೆಯ ನಾಡಕೋವಿ. ಹಿಡಿಯ ಬಿರುಕಿಗೆ ತಾಮ್ರದ ತಂತಿ ಸುತ್ತಿದೆ.

ಕಾಯುವಾಗ ಮಾತು ಬರಬೇಕಷ್ಟೆ. ಯಜಮಾನರು, "ಇದರ ಬೆಲೆಗೆ ಇವತ್ತು ಒಂದು ಕಾರು ಬರುತ್ತೆ" ಎಂದರು. ನಮ್ಮ ತಂದೆಯವರು ತಡಮಾಡದೆ, "ನಮ್ಮದಕ್ಕೆ ಬೆಲೇನೇ ಇಲ್ಲ ಸ್ವಾಮಿ" ಎಂದರು. ಜಗಲಿಯಲ್ಲಿದ್ದವರೆಲ್ಲ ನಕ್ಕರು. ತಂದೆಯವರು ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪೇದೆ ಬಂದು ಎರಡು ಕೋವಿಗಳಿಗೂ ಒಂದೇ ಬಗೆಯ ರಟ್ಟಿನ ಚೀಟಿ ಕಟ್ಟಿ, ಒಂದೇ ಗೋಡೆಗೆ ಒರಗಿಸಿದ.

ನಾನು ಕನ್ನಡ ಪಾಠ ಹೇಳುವವನು. ಬೆಲೆಯಿಲ್ಲ ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಎರಡು ಅರ್ಥವುಂಟೆಂದು ತರಗತಿಯಲ್ಲಿ ಹೇಳಬಲ್ಲೆ; ಆದರೆ ಆ ಎರಡು ಅರ್ಥಗಳೂ ಒಂದೇ ಉಸಿರಿನಲ್ಲಿ ಹೊರಬಂದುದನ್ನು ನಾನು ಕೇಳಿದ್ದು ಆ ದಿನವೇ. ತಂದೆಯವರ ಬಗ್ಗೆ ಅಭಿಮಾನವೆನಿಸಿತೆಂದು ಒಪ್ಪಿಕೊಳ್ಳುತ್ತೇನೆ. ಹಣವಂತನ ಹೆಮ್ಮೆಯಲ್ಲಿ ಹಣದ ವಾಸನೆಯಿರುತ್ತದೆ. ಬಡವನ ಹೆಮ್ಮೆಯಲ್ಲಿ ಅದಿಲ್ಲ, ಆದ್ದರಿಂದ ಅದು ಶುದ್ಧವಾದದ್ದು. ನಮ್ಮಲ್ಲಿ ಬಹುಮಂದಿ ಹೀಗೆಯೇ ಯೋಚಿಸುತ್ತೇವೆ. ನಾನೂ ಯೋಚಿಸಿದೆ.

ಇದಕ್ಕೆ ದೊಡ್ಡ ಸಾಕ್ಷಿಯೊಂದು ನಾನು ಕೆಲಸ ಮಾಡುವ ಕಡೂರಿನ ಸುತ್ತಿನಲ್ಲೇ ಸಿಕ್ಕುತ್ತದೆ. ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕದಲ್ಲಿ ಎಮ್ಮೆದೊಡ್ಡಿಯ ನರಭಕ್ಷಕನ ಕಥೆಯಿದೆ. ಎಮ್ಮೆದೊಡ್ಡಿ ಕಡೂರು ತಾಲ್ಲೂಕಿನದು. ಪೂರ್ಣಚಂದ್ರ ತೇಜಸ್ವಿಯವರ ಕಾಡಿನ ಕಥೆಗಳ ಮೂಲಕ ಆಂಡರ್ಸನ್ ಕನ್ನಡದ ಮನೆಮನೆಗೂ ಪರಿಚಿತ. ಆ ಕಾಲದ ರಾಜಮಹಾರಾಜರೂ ದೊಡ್ಡ ದೊರೆಗಳೂ ಲಂಡನ್ನಿನಲ್ಲಿ ಅಳತೆ ಕೊಟ್ಟು ಮಾಡಿಸಿದ ಜೋಡುನಳಿಗೆ ರೈಫಲುಗಳನ್ನು ಹಿಡಿದು ಹೊರಡುತ್ತಿದ್ದರು. ಆಂಡರ್ಸನ್ ಕೈಯಲ್ಲಿದ್ದುದು ಅಮೆರಿಕದ ಕಾರ್ಖಾನೆಯಲ್ಲಿ ಸಾಲಾಗಿ ತಯಾರಾಗಿ ಬಂದ .405 ವಿಂಚೆಸ್ಟರ್. ಪುಸ್ತಕದಿಂದ ಪುಸ್ತಕಕ್ಕೆ ಆತ ಅದನ್ನು ಹಳೆಯ ಸ್ನೇಹಿತನನ್ನು ನೆನೆಯುವಂತೆ ನೆನೆಯುತ್ತಾನೆ. ಮರದ ಮೇಲೆ ರಾತ್ರಿಯೆಲ್ಲ ಕೂತವನಿಗೆ ಬೆಲೆಯ ಚೀಟಿ ಯಾವ ಉಪಕಾರಕ್ಕೆ?

ಇಷ್ಟಾದ ಮೇಲೂ ಮನಸ್ಸು ಒಪ್ಪದೆ ಒಂದು ಕಡೆ ಚುಚ್ಚುತ್ತಿತ್ತು. ಬೆಲೆಯ ಹೆಮ್ಮೆಯವನನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅವನಿಗೆ ಕೋವಿಯೇ ಆಗಬೇಕೆಂದಿಲ್ಲ. ಕೈಗಡಿಯಾರವಾದರೂ ಆದೀತು, ಬೆಲ್ಜಿಯಂ ಕನ್ನಡಿಯಾದರೂ ಆದೀತು. ಪೆಟ್ಟಿಗೆ ತೆಗೆದು ನಾಲ್ಕು ಜನಕ್ಕೆ ತೋರಿಸಿ, ಒರೆಸಿ, ಮತ್ತೆ ಮುಚ್ಚಿಡುತ್ತಾನೆ. ಅವನ ಜಂಭಕ್ಕೆ ನಾವು ನಗಬಹುದು. ಅದರಿಂದ ಯಾರ ಮೈಗೂ ಅಪಾಯವಿಲ್ಲ. ಬೆಲೆಯನ್ನು ಲೆಕ್ಕಿಸದೆ ಹೆಮ್ಮೆಪಡುವವನಾದರೋ ಕೋವಿಯನ್ನು ಕೋವಿಯೆಂದೇ ಮೆಚ್ಚುವವನು. ಕೋವಿಯ ಕೋವಿತನ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಣವನ್ನು ಕಳೆದು ನೋಡಿದರೆ ಹೆಮ್ಮೆಯಲ್ಲಿ ಉಳಿಯುವುದು ಏನು? ನನ್ನ ಕೈಯಲ್ಲಿದ್ದಾಗ ಇದಕ್ಕೆ ಎದುರಿಲ್ಲ ಎಂಬುದು. ಅದನ್ನು ಶುದ್ಧವೆಂದು ಕರೆಯುವುದಾದರೆ ಕರೆಯಬಹುದು, ವಿಷವೂ ಶುದ್ಧವಾಗಿರಬಲ್ಲದು.

ಇದನ್ನು ತರ್ಕಕ್ಕಾಗಿ ಹೇಳುತ್ತಿಲ್ಲ. ನಮ್ಮ ಊರು ಲಿಂಗದಹಳ್ಳಿ ಕಡೆ, ಗುಡ್ಡದ ಬುಡದಲ್ಲಿ. ಕೋವಿ ಮೊದಲು ನಮ್ಮ ಅಜ್ಜನದು. ಹಂದಿ ಕಾಯಲೆಂದು ಲೈಸೆನ್ಸು ಪಡೆದದ್ದು. ಪ್ರತಿ ಭಾನುವಾರ ಜಗಲಿಯಲ್ಲಿ ಕೂತು ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಿದ್ದರಂತೆ. ಅದರ ಗುರಿಯ ಬಗ್ಗೆ ನಮ್ಮ ಮನೆಯಲ್ಲಿ ಹತ್ತಾರು ಕಥೆಗಳಿವೆ. ಒಂದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಅಜ್ಜಿ ತಮ್ಮ ಕೊನೆಗಾಲದಲ್ಲಿ ನನಗೆ ಹೇಳಿದರು. 1969ರ ಸುಗ್ಗಿಯ ಹಿಂದಿನ ದಿನಗಳು. ರಾಗಿಹೊಲದಲ್ಲಿ ರಾತ್ರಿ ಸರಸರ ಸದ್ದಾಯಿತು. ಅಜ್ಜ ಕುದುರೆ ಎಳೆದರು. ಹೊಲದೊಳಗಿದ್ದುದು ಹಂದಿಯಲ್ಲ, ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕಿ ಬಂದಿದ್ದ ಪಕ್ಕದ ಮನೆಯ ಹುಡುಗ, ಹದಿನಾಲ್ಕು ವರ್ಷದವನು. ಚರೆ ಮೊಣಕಾಲಿಗೂ ಮೀನಖಂಡಕ್ಕೂ ತಗುಲಿತ್ತು. ಅಜ್ಜ ಆ ರಾತ್ರಿಯೇ ಗಾಡಿ ಕಟ್ಟಿ ತರೀಕೆರೆ ಆಸ್ಪತ್ರೆಗೆ ಹೊತ್ತೊಯ್ದರು, ಖರ್ಚೆಲ್ಲ ಕೊಟ್ಟರು, ಎರಡು ಮನೆಯವರೂ ಕೂತು ಮಾತಾಡಿ ಮುಗಿಸಿದರು. ಹುಡುಗ ಬದುಕಿದ, ಕಾಲು ಸರಿಹೋಗಲಿಲ್ಲ. ಅಜ್ಜಿ ಕೊನೆಗೆ ಹೇಳಿದ ಮಾತು ಇದು: "ಮುಂದಿನ ಭಾನುವಾರಾನೂ ನಿಮ್ಮಜ್ಜ ಕೋವಿ ಒರೆಸಿದ್ರು ಕಣೋ."

ಅಜ್ಜ ಕೆಟ್ಟವರಲ್ಲ. ಆ ಹುಡುಗನಿಗಾಗಿ ಅತ್ತವರೂ ಅವರೇ ಎಂದು ಅಜ್ಜಿಯೇ ಹೇಳಿದ್ದಾರೆ. ನನ್ನನ್ನು ಕಾಡುವುದು, ಆ ದುಃಖವೂ ಈ ಹೆಮ್ಮೆಯೂ ಒಂದನ್ನೊಂದು ಮುಟ್ಟದೆ ಒಂದೇ ಎದೆಯಲ್ಲಿ ಇದ್ದವಲ್ಲ ಎಂಬುದು.

ಕೊಡಗಿನ ಗೆಳೆಯರೊಬ್ಬರಿಗೆ ಇದನ್ನು ಹೇಳಿದಾಗ ಅವರು, ನಿಮ್ಮ ತಪ್ಪು ಕೋವಿಯನ್ನು ಒಬ್ಬನ ಸೊತ್ತೆಂದು ನೋಡುವುದರಲ್ಲಿದೆ ಎಂದರು. ಯೋಚಿಸತಕ್ಕ ಮಾತು. 1861ರಲ್ಲಿ ಬ್ರಿಟಿಷರು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಕೊಟ್ಟ ವಿನಾಯಿತಿ, 1959ರ ಶಸ್ತ್ರಾಸ್ತ್ರ ಕಾಯಿದೆ ಬಂದ ಮೇಲೂ ಉಳಿದುಕೊಂಡು, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಣೆಯಾಗಿದೆ; 2021ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೋವಿ ಊರಿಗೆ ಸುದ್ದಿ ಹೇಳುತ್ತದೆ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ತೋಕ್ ಪೂ ಎಂಬ ಹೂವಿನಿಂದ ಅದನ್ನು ಸಿಂಗರಿಸಿ ದೀಪದೆದುರು ಇಟ್ಟು ಪೂಜಿಸುತ್ತಾರೆ. ಆ ಸಾಲಿನಲ್ಲಿ ಯಾವುದಕ್ಕೆ ಎಷ್ಟು ಕೊಟ್ಟರೆಂದು ಕೇಳುವುದು ಅಸಭ್ಯತನ. ಹೆಮ್ಮೆ ಒಕ್ಕದ್ದು, ಹಿರಿಯರದ್ದು. ಹಲವರ ನಡುವೆ ಹಂಚಿಹೋದ ಹೆಮ್ಮೆಗೆ ಸ್ವಲ್ಪ ವಿನಯ ಬರುತ್ತದೆಂದು ನನಗೂ ತೋರುತ್ತದೆ. ಆದರೆ ಆ ಬಗೆಯ ಕಟ್ಟುಪಾಡು ನಮ್ಮ ಬಯಲುಸೀಮೆಯ ಅಂಚಿನಲ್ಲಿಲ್ಲ. ನಮ್ಮಲ್ಲಿ ಆಯುಧಪೂಜೆಯ ದಿನ ಕೋವಿಗೂ ಟ್ರಾಕ್ಟರಿಗೂ ಒಂದೇ ಕುಂಕುಮ.

ಮೊದಲು ತರೀಕೆರೆಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಅಜ್ಜಂಪುರದಲ್ಲಿ ನನ್ನ ಸೋದರಮಾವನ ಮನೆ. ಅವರ ಹೆಮ್ಮೆಯೇ ಬೇರೆ. ಅಲ್ಲಿನ ಅಮೃತಮಹಲ್ ಎತ್ತುಗಳ ವಂಶ ಹೈದರಾಲಿಯ, ಟಿಪ್ಪುವಿನ ಫಿರಂಗಿಗಳನ್ನು ಎಳೆದದ್ದು. ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಆ ಫಿರಂಗಿಗಳಲ್ಲಿ ಹೆಚ್ಚಿನವು ಎಲ್ಲಿ ಹೋದವೋ. ಎತ್ತು ಉಳಿದಿದೆ, ಮಾವ ಅದರ ಕೊಂಬು ಸವರುತ್ತಾರೆ. ಎತ್ತೂ ಹಾಯುತ್ತದೆಯೆನ್ನಿ. ಆದರೆ ಹಾಯುವ ಎತ್ತನ್ನು ಯಾರೂ ಅದಕ್ಕಾಗಿ ಮೆಚ್ಚುವುದಿಲ್ಲ.

ತಂದೆಯವರು ಚುನಾವಣೆಯ ಫಲಿತಾಂಶ ಬರುವ ಮುಂಚೆಯೇ ತೀರಿಕೊಂಡರು. ಕೋವಿ ಠಾಣೆಯಿಂದ ಮನೆಗೆ ಬರಲೇ ಇಲ್ಲ. ನನ್ನ ಹೆಸರಿಗೆ ಲೈಸೆನ್ಸು ಮಾಡಿಸಿಕೊಳ್ಳಬೇಕು, ಇಲ್ಲವೇ ಬಿಟ್ಟುಕೊಡಬೇಕು. ಬಿಟ್ಟುಕೊಡುವುದೇ ಸರಿಯೆಂದು ನನ್ನ ಬುದ್ಧಿ ಹೇಳಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ಬೇಟೆಯೆಂಬುದು ಅಪರಾಧ. ತಂದೆಯವರೂ ಹಂದಿ ಬೆದರಿಸಲು ಬರಿಯ ಮದ್ದು ಸಿಡಿಸುತ್ತಿದ್ದರು, ಅಷ್ಟೆ. ಆ ಕೆಲಸಕ್ಕೆ ಪಟಾಕಿ ಸಾಕು.

ಹೋದ ತಿಂಗಳು ಊರಿಗೆ ಹೋದಾಗ, ಈಗ ಎಪ್ಪತ್ತರ ಹತ್ತಿರವಿರುವ ಆ ಪಕ್ಕದ ಮನೆಯ ಹುಡುಗ ಕಾಲೆಳೆಯುತ್ತ ಜಗಲಿಗೆ ಬಂದು ಕೂತರು. ಕೋವಿ ತೂಗುಹಾಕುತ್ತಿದ್ದ ಗೂಟವನ್ನು ನೋಡಿ, "ಯಾವಾಗ ತರ್ತೀರಿ ಮೇಷ್ಟ್ರೇ?" ಎಂದರು. ತರುವುದಿಲ್ಲವೆಂದು ಹೇಳಿದೆ, ಕಾರಣವನ್ನೂ ತಡವರಿಸುತ್ತ ಹೇಳಿದೆ. ಅವರು ತಲೆಯಾಡಿಸಿದರು.

"ನಿಮ್ಮಜ್ಜಾರು ಕತ್ತಲೇಲಿ, ಬರೀ ಸದ್ದಿನ ಮೇಲೆ ಹೊಡೆದದ್ದು. ಗುರಿ ಅಂದ್ರೆ ಗುರಿ. ಆ ಕೋವಿ ಗೋಡೆ ಮೇಲಿರೋವರೆಗೂ ನನ್ನ ಕಾಲಿಗೊಂದು ಕಥೆ ಇರುತ್ತೆ. ಅದನ್ನ ಕೊಟ್ಟುಬಿಟ್ರೆ ನಾನು ಬರೀ ಕುಂಟ."

ನನಗೆ ಉತ್ತರ ಹೊಳೆಯಲಿಲ್ಲ. ಕಡೂರಿಗೆ ಹಿಂತಿರುಗಿ ಅರ್ಜಿಯ ನಮೂನೆ ತಂದೆ. ಹೆಸರು, ವಿಳಾಸ, ಉದ್ಯೋಗ ತುಂಬಿದ್ದೇನೆ. ಲೈಸೆನ್ಸು ಏತಕ್ಕಾಗಿ ಬೇಕೆಂದು ಕೇಳುವ ಜಾಗ ಮಾತ್ರ ಇನ್ನೂ ಖಾಲಿಯಿದೆ.